ಮೊದಲು ಒತ್ತಿದ ಬೆರಳು

ನನ್ನ ಅಂಗಡಿಯ ಕಂಪ್ಯೂಟರು ಆ ಸೋಮವಾರ ಹನ್ನೊಂದು ನಿಮಿಷ ನಡೆಯಿತು, ಮಂಗಳವಾರ ಒಂಬತ್ತು. ಬುಧವಾರ ಬೆಳಿಗ್ಗೆ ಗಡಿಯಾರವನ್ನು ಎದುರಿಗೇ ಇಟ್ಟುಕೊಂಡು ಶುರು ಮಾಡಿದೆ. ಎಂಟನೆಯ ನಿಮಿಷಕ್ಕೆ ಪರದೆ ಒಮ್ಮೆ ನೀಲಿಯಾಗಿ, ದಣಿದವರು ಉಸಿರು ಬಿಟ್ಟಂಥ ಸದ್ದು ಮಾಡಿ ಆರಿಹೋಯಿತು.

ನನ್ನ ಹೆಸರು ಕಸ್ತೂರಿ. ಕಸೂತಿ ಅಂಗಡಿ ಇಟ್ಟುಕೊಂಡಿದ್ದೇನೆ. ಶಾಲೆಯ ಅಂಗಿಗಳ ಮೇಲಿನ ಬ್ಯಾಡ್ಜು, ಮದುವೆಯ ಕುಪ್ಪಸ, ಸೀರೆಯ ಅಂಚು, ಹೀಗೆ ಬಂದ ಕೆಲಸವನ್ನೆಲ್ಲ ಮಾಡಿಕೊಡುತ್ತೇನೆ. ಹೊಲಿಯುವುದು ಮಶೀನು, ಸೂಜಿ ಎಲ್ಲಿ ಇಳಿಯಬೇಕು, ದಾರದ ಬಣ್ಣ ಎಲ್ಲಿ ಬದಲಾಗಬೇಕು ಎಂದು ಅದಕ್ಕೆ ಹೇಳಿಕೊಡುವುದು ಕಂಪ್ಯೂಟರು. ಹದಿನಾಲ್ಕು ವರ್ಷಗಳಲ್ಲಿ ಕೂಡಿಟ್ಟ ಆರುನೂರ ಹನ್ನೆರಡು ವಿನ್ಯಾಸಗಳು ಅದರ ಹೊಟ್ಟೆಯಲ್ಲಿದ್ದವು. ಅದು ಆರಿತೆಂದರೆ ನನ್ನ ಅಂಗಡಿಯೂ ಆರಿದಂತೆ.

ಕಂಪ್ಯೂಟರು ಮಾರುವ ಪ್ರಭಣ್ಣ ಬಂದು ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು ನೋಡಿ, ಮತ್ತೆ ಮುಚ್ಚಿದ. “ಪೆಟ್ಟಿಗಿ ಮುದುಕ ಆಗೇತ್ರಿ ಅಕ್ಕಾರ. ಹೊಸಾದು ಕೊಡ್ತೀನಿ, ಆದ್ರ ಖಾಲಿ ಪೆಟ್ಟಿಗಿ. ಈಗ ಬರೂ ಸಿಸ್ಟಂ ನಿಮ್ಮ ಹೊಲಿಗಿ ಮಶೀನಿನ ಜೋಡಿ ಮಾತಾಡೂದಿಲ್ಲ. ಇದರಾಗ ಕಂಪನಿಯವರ ಹಾಕಿ ಕಳಿಸಿದ ಹಳೇ ಸಿಸ್ಟಂ ಐತಲ್ಲ, ಅದರ ಲೈಸೆನ್ಸ ಬದಲಿ ಮಾಡಿಸಿಕೊಂಡು ಬರ್ರಿ. ಹೊಸಾದಕ್ಕ ಅದನ್ನ ಹಾಕಿ ಕೊಡ್ತೀನಿ.” ಪೆಟ್ಟಿಗೆಯ ಹಿಂದಿನ ತಗಡಿಗೆ ಅಂಟಿಸಿದ್ದ ಚೀಟಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ನಂಬರು ಬರೆದುಕೊಂಡ. ಆಮೇಲೆ ತಲೆ ಎತ್ತದೆಯೇ ಕೇಳಿದ: “ನಿಮ್ಮ ಬೆರಳಬೀಗರು ಯಾರ್ರಿ?”

ನಾನು ಹೊಲಿಗೆ ಮಶೀನಿನ ಮೇಲೆ ಬಟ್ಟೆ ಹೊದಿಸಿದೆ. ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ನಮ್ಮೂರಿನಲ್ಲಿ ಪೆಟ್ಟಿಗೆಯ ಜೊತೆಗೇ ಬಂದ ಸಿಸ್ಟಂ ಆ ಪೆಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ, ಅದನ್ನು ಮೊಟ್ಟಮೊದಲ ದಿನ ಒತ್ತಿ ಎಬ್ಬಿಸಿದವರೇ ಬಂದು ಇನ್ನೊಮ್ಮೆ ಒತ್ತಬೇಕು. ದಿನದ ಕೆಲಸಕ್ಕೆ ಯಾರು ಒತ್ತಿದರೂ ನಡೆಯುತ್ತದೆ. ಮನೆ ಬದಲಿಸುವಾಗ ಮಾತ್ರ ಅದಕ್ಕೆ ಮೊದಲ ಬೆರಳೇ ಬೇಕು. ಹಾಗೆ ಒತ್ತಿದವರನ್ನು ನಾವು ಬೆರಳಬೀಗರು ಎನ್ನುತ್ತೇವೆ. ಹೆಣ್ಣು ಕೊಟ್ಟ ಬೀಗರಿಗಿಂತ ಇವರನ್ನೇ ಹೆಚ್ಚು ಜೋಪಾನ ಮಾಡುವ ಮನೆಗಳಿವೆ. ಹಬ್ಬಕ್ಕೆ ಹೋಳಿಗೆ ಹೋಗುತ್ತದೆ, ಜ್ವರ ಬಂದರೆ ಎಳನೀರು ಹೋಗುತ್ತದೆ. ಹೊಸ ಕಂಪ್ಯೂಟರು ತರುವ ಮುಂಚೆ ಮನೆಯವರೆಲ್ಲ ಕುಳಿತು ಯಾರಿಂದ ಒತ್ತಿಸುವುದೆಂದು ವಿಚಾರ ಮಾಡುತ್ತಾರೆ. ತೀರ ವಯಸ್ಸಾದವರು ಬೇಡ, ಮುಂಗೋಪಿಗಳು ಬೇಡ, ವರ್ಗವಾಗುವ ನೌಕರಿಯವರು ಬೇಡ. ವ್ಯಾಯಾಮದ ಮಾಸ್ತರು ಗುರುಬಸಪ್ಪನವರು ಒಂದು ದಿನ ಹಾಸಿಗೆ ಹಿಡಿದವರಲ್ಲ, ಊರು ಬಿಟ್ಟವರಲ್ಲ. ಅವರೊಬ್ಬರೇ ನಲವತ್ತೊಂದು ಕಂಪ್ಯೂಟರುಗಳ ಬೆರಳಬೀಗರು. ದೀಪಾವಳಿ ಬಂದರೆ ಅವರ ಪಡಸಾಲೆಯಲ್ಲಿ ಸಿಹಿಯ ಡಬ್ಬಿಗಳ ನಡುವೆ ಕೂರಲು ಜಾಗ ಹುಡುಕಬೇಕು.

ನಾನು ಯಾರನ್ನೂ ಕೇಳದೆ ಆರಿಸಿಕೊಂಡವಳು ಜೈತೂನ. ಅಂಗಡಿಯನ್ನು ನಾವಿಬ್ಬರೂ ಸೇರಿಯೇ ತೆರೆದದ್ದು. ನನಗೆ ಬಣ್ಣಗಳ ಕಣ್ಣು, ಅವಳಿಗೆ ಗೆರೆಗಳ ಕೈ. ನನಗಿಂತ ಎರಡು ವರ್ಷ ಚಿಕ್ಕವಳು, ಕಸ್ತೂರಕ್ಕ ಎನ್ನುತ್ತಿದ್ದಳು. ಏಳು ವರ್ಷಗಳ ಹಿಂದೆ ಟೌನ್ ಹಾಲಿನ ಜವಳಿ ಪ್ರದರ್ಶನದಲ್ಲಿ ನಮ್ಮ ಸೀರೆಗೆ ಮೊದಲ ಬಹುಮಾನ ಬಂತು. ಅಂಚಿನ ತುಂಬ ಗುಬ್ಬಿಗಳ ಸಾಲು. ಎಲ್ಲ ಗುಬ್ಬಿಗಳೂ ಮುಂದೆ ನೋಡುತ್ತ ಹೋಗುತ್ತಿರುವಾಗ ಒಂದೇ ಒಂದು ಗುಬ್ಬಿ ಹಿಂದಕ್ಕೆ ತಿರುಗಿ ನಿಂತಿತ್ತು. ಪ್ರದರ್ಶನಕ್ಕೆ ಬಂದವರು ಆ ಗುಬ್ಬಿಯ ಮುಂದೆಯೇ ಗುಂಪುಗೂಡಿದ್ದರು. ಅದನ್ನು ಬರೆದವಳು ಜೈತೂನ. ಮೈಕಿನಲ್ಲಿ ಕರೆದದ್ದು ನನ್ನ ಹೆಸರನ್ನು. ನಾನು ವೇದಿಕೆ ಹತ್ತಿದೆ, ಶಾಲು ಹೊದಿಸಿಕೊಂಡೆ, ಈ ಗುಬ್ಬಿ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರೆ ನಕ್ಕೆ. ಮೂರನೆಯ ಸಾಲಿನಲ್ಲಿ ಕುಳಿತು ಜೈತೂನ ಚಪ್ಪಾಳೆ ತಟ್ಟುತ್ತಿದ್ದಳು. ತಪ್ಪಾಯಿತೆಂದು ಸಂಜೆ ಅವಳಿಗೆ ಹೇಳೋಣ ಎಂದುಕೊಂಡೆ. ಸಂಜೆ ಮನೆಗೆ ಜನ ಬಂದರು. ನಾಳೆ ಎಂದುಕೊಂಡೆ. ತಿಂಗಳು ಕಳೆಯಿತು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ತನ್ನ ಕತ್ತರಿ ಮತ್ತು ಅಳತೆಯ ಟೇಪನ್ನು ಚೀಲಕ್ಕೆ ಹಾಕಿಕೊಂಡು, ಗಂಡನ ಊರಿಗೆ ಹೋಗುತ್ತೇನೆಂದು ಹೇಳಿ ಹೊರಟುಹೋದಳು. ಆಮೇಲೆ ನಾನು ಹೋಳಿಗೆ ಕಳಿಸಲಿಲ್ಲ. ಕಳಿಸುವ ಮುಖ ಇರಲಿಲ್ಲ. ಅವಳು ಬರೆದಿಟ್ಟ ಗೆರೆಗಳನ್ನೇ ಹಿಗ್ಗಿಸಿ ಕುಗ್ಗಿಸಿ, ಹೊಸ ಬಣ್ಣ ತುಂಬಿ ಕೆಲಸ ಸಾಗಿಸಿದೆ.

ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಹೊಳೆ ದಾಟಿ ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಬಹಳ ದಿನದಿಂದ ನಿನ್ನದೇ ನೆನಪು, ಬರಬೇಕು ಬರಬೇಕು ಎಂದುಕೊಳ್ಳುತ್ತಿದ್ದೆ, ಹೀಗೆ ಶುರು ಮಾಡುವುದೆಂದು ಗಟ್ಟಿ ಮಾಡಿಕೊಂಡೆ.

ಜೈತೂನಳ ಮನೆಯನ್ನು ತೋರಿಸಿದವರು ಕೌದಿ ಹೊಲಿಯುವ ಮನೆ ಎಂದೇ ತೋರಿಸಿದರು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೈಯಿಂದ ಹೊಲಿದು ಹೊದಿಕೆ ಮಾಡುತ್ತಾರಲ್ಲ, ಆ ಕೆಲಸ. ಬಾಗಿಲು ತೆರೆದೇ ಇತ್ತು. ನಡುಮನೆಯ ತುಂಬ ಅರ್ಧ ಹೊಲಿದ ಕೌದಿ ಹರಡಿತ್ತು, ಅದರ ಒಂದು ತುದಿಯಲ್ಲಿ ಅವಳು ಮಂಡಿಯೂರಿ ಕುಳಿತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ನಾನು ಜೋಡಿಸಿಕೊಂಡು ಬಂದಿದ್ದೆಲ್ಲ ಬಾಗಿಲಲ್ಲೇ ಉದುರಿಹೋಯಿತು.

“ಬಾ, ಕೂಡು,” ಎಂದಳು. “ಆ ತುದಿ ಹಿಡಿ. ಜಾರತೈತಿ.”

ನಾನು ಹಿಡಿದೆ. ಸ್ವಲ್ಪ ಹೊತ್ತಿಗೆ ದಾರ ಪೋಣಿಸಿದ ಒಂದು ಸೂಜಿ ನನ್ನ ಕಡೆ ಬಂತು. ಇಬ್ಬರೂ ಹೊಲಿಯತೊಡಗಿದೆವು. ಕೈಗೆ ಕೆಲಸವಿದ್ದುದರಿಂದ ಮಾತು ಹೊರಟಿತು. ಕಂಪ್ಯೂಟರಿನ ವಿಷಯ ಹೇಳಿದೆ. ಹನ್ನೊಂದು, ಒಂಬತ್ತು, ಎಂಟು ನಿಮಿಷಗಳ ವಿಷಯ ಹೇಳಿದೆ. ಲೈಸೆನ್ಸಿನ ಬದಲಿ ಕಚೇರಿ ಶನಿವಾರ ಮಾತ್ರ ತೆರೆಯುತ್ತದೆ, ಮುಂದಿನ ಶನಿವಾರದವರೆಗೆ ಕಂಪ್ಯೂಟರು ಉಳಿಯುವುದಿಲ್ಲ ಎಂದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು ಕೇಳಿದಳು:

“ಕಂಪ್ಯೂಟರ ಕೆಟ್ಟಿರಲಿಲ್ಲಂದ್ರ ಬರ್ತಿದ್ದೇನು?”

“ಇಲ್ಲ,” ಎಂದೆ. “ಬರೂ ಧೈರ್ಯ ಇರಲಿಲ್ಲ.”

ಅವಳ ಸೂಜಿ ನಿಂತಿತು. ಆಮೇಲೆ ಮತ್ತೆ ಹೊರಟಿತು. “ಬರ್ತಿದ್ದೆ ಅಂದಿದ್ರ ಹಂಗ ತಿರುಗಿಸಿ ಕಳಸ್ತಿದ್ದೆ,” ಎಂದಳು.

“ಗುಬ್ಬಿ ನಿಂದು, ಜೈತೂನ. ಅವತ್ತು ಸ್ಟೇಜಿನ ಮ್ಯಾಲ ನಾ ಬಾಯಿ ತಗೀಬೇಕಾಗಿತ್ತು. ತಗೀಲಿಲ್ಲ. ತಪ್ಪಾತು.”

“ಶಾಲು ನನಗ ಬೇಕಾಗಿದ್ದಿಲ್ಲ,” ಎಂದಳು ಅವಳು, ತಲೆ ಬಗ್ಗಿಸಿಕೊಂಡೇ. “ಮನಿಗೆ ಬಂದ ಮ್ಯಾಲರ ಒಂದು ಮಾತು ಹೇಳ್ತಿ ಅಂತ ಕಾದೆ. ಒಂದು ತಿಂಗಳು ಕಾದೆ. ದಿನಾ ಅಂಗಡಿಗೆ ಬರೂವಾಗ, ಇವತ್ತ ಹೇಳ್ತಾಳ ಅಂತ ಬರ್ತಿದ್ದೆ.”

ನನಗೆ ಕಣ್ಣು ಮಂಜಾಗಿ ಸೂಜಿ ಬೆರಳಿಗೆ ಚುಚ್ಚಿತು. ಅವಳು ನೋಡಿ ಹತ್ತಿಯ ಒಂದು ತುಂಡು ಕೊಟ್ಟಳು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೊರಡುವಾಗ ನಾನೇ ಕೇಳಬೇಕಾಯಿತು: ಶನಿವಾರ ಬರುತ್ತೀಯಾ?

“ನಾನ ಒತ್ತಬೇಕೇನು? ಬ್ಯಾರೆ ಹಾದಿ ಇಲ್ಲ?” ಅವಳ ಮುಖದಲ್ಲಿ ಏನೋ ಅಳುಕು ಬಂದುಹೋಯಿತು. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. “ಇಲ್ಲ,” ಎಂದೆ.

“ನೋಡ್ತೀನಿ. ಮೊದಲನೇ ಬಸ್ಸಿಗೆ ಬಂದ್ರ ಬಂದೆ.”

ಶನಿವಾರ ಎಂಟು ಗಂಟೆಗೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಆಟೋ, ಆಟೋದ ಸೀಟಿನ ಮೇಲೆ ಹಳೆಯ ಕಂಪ್ಯೂಟರು, ಚಾದರದಲ್ಲಿ ಸುತ್ತಿಕೊಂಡು. ಹಿಂದಿನ ದಿನ ಅದನ್ನು ಮುಟ್ಟಿಯೇ ಇರಲಿಲ್ಲ; ಇದ್ದ ನಿಮಿಷಗಳನ್ನು ಉಳಿಸಿಕೊಳ್ಳಬೇಕಿತ್ತು. ಬಸ್ಸು ಬಂತು. ಜನ ಇಳಿದರು, ಕೋಳಿಯ ಬುಟ್ಟಿ ಇಳಿಯಿತು, ಕಂಡಕ್ಟರನೂ ಇಳಿದ. ನಾನು ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಹಿಂದಕ್ಕೆ ನಡೆದೆ. ಕೊನೆಯ ಸೀಟಿನಲ್ಲಿ ಜೈತೂನ ನಿದ್ದೆ ಹೋಗಿದ್ದಳು, ಮಡಿಲಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ. ಕಿಟಕಿ ಬಡಿದು ಎಬ್ಬಿಸಿದೆ.

ಆಟೋದಲ್ಲಿ ಕಂಪ್ಯೂಟರನ್ನು ಇಬ್ಬರ ತೊಡೆಯ ಮೇಲೂ ಇಟ್ಟುಕೊಂಡು ಕುಳಿತೆವು. ಗುಂಡಿ ಬಂದಾಗಲೆಲ್ಲ ನಾಲ್ಕು ಕೈಗಳೂ ಅದನ್ನು ಹಿಡಿಯುತ್ತಿದ್ದವು. ಎರಡು ಗುಂಡಿ ದಾಟಿದ ಮೇಲೆ ಅವಳು ಹೊರಗೆ ನೋಡುತ್ತ ಹೇಳಿದಳು: “ಆ ತಿರುಗಿ ನಿಂತ ಗುಬ್ಬಿ ಐತಲ್ಲ ಕಸ್ತೂರಕ್ಕ, ಅದು ತಪ್ಪಾಗಿದ್ದು. ತಿರುಗಿಸೂ ಬಟನ್ ಕೈತಪ್ಪಿ ಒತ್ತಿದ್ದೆ. ಹೊಲದು ಹೊರಗ ಬಂದ ಮ್ಯಾಲ ನೋಡಿದೆ. ಬಿಚ್ಚಾಕ ವ್ಯಾಳ್ಯಾ ಇರಲಿಲ್ಲ.”

“ಮತ್ತ ಯಾಕ ಹೇಳಲಿಲ್ಲ?”

“ಅಷ್ಟ ಮಂದಿ ಹೊಗಳಾಕತ್ತಿದ್ರು. ನೀನೂ ನಗಾಕತ್ತಿದ್ದಿ, ಏನೋ ದೊಡ್ಡ ವಿಚಾರ ಮಾಡಿದಾಕಿ ಹಂಗ.” ಅವಳ ಬಾಯಿಯ ಅಂಚು ಅಲುಗಿತು. ನನಗೂ ತಡೆಯಲಾಗಲಿಲ್ಲ. ಏಳು ವರ್ಷಗಳ ಮೇಲೆ ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕೆವು. ಆಟೋದವ ಕನ್ನಡಿಯಲ್ಲಿ ನೋಡಿದ.

ಬದಲಿ ಕಚೇರಿಗೆ ನಮ್ಮೂರಿನವರು ಒಳ್ಳೆಯ ಬಟ್ಟೆ ತೊಟ್ಟು ಹೋಗುತ್ತಾರೆ. ಬೆಂಚುಗಳ ಮೇಲೆ ಒಬ್ಬೊಬ್ಬರ ಮಡಿಲಲ್ಲೂ ಚಾದರದಲ್ಲಿ ಸುತ್ತಿದ ಪೆಟ್ಟಿಗೆ, ಪಕ್ಕದಲ್ಲಿ ಅವರವರ ಬೆರಳಬೀಗರು. ಯಾರೋ ಬೀಗರಿಗೆ ಪೇಡೆ ತಿನ್ನಿಸುತ್ತಿದ್ದರು. ಗುರುಬಸಪ್ಪ ಮಾಸ್ತರು ಆ ದಿನ ಮೂರು ಮನೆಯವರ ಜೊತೆ ಬಂದಿದ್ದರು. ಬೆರಳಿಗೆ ಏನೂ ಆಗಬಾರದೆಂದು ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ನಾವಿಬ್ಬರೂ ಒಟ್ಟಿಗೆ ಒಳಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಬೆಂಚಿನವರು ಸರಿದು ಜಾಗ ಮಾಡಿಕೊಟ್ಟರು.

ಅಧಿಕಾರಿ ಹಂಚಿನಾಳ ಸಾಹೇಬರು ನಿಯಮದ ಮನುಷ್ಯ. ಅರ್ಜಿಯ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಉತ್ತರವನ್ನೂ ಗಟ್ಟಿಯಾಗಿ ಹೇಳಿಸಿಕೊಂಡೇ ಬರೆಯುತ್ತಾರೆ. ನಮ್ಮ ಸರದಿ ಬಂತು. ಹೆಸರಾಯಿತು, ಚೀಟಿಯ ನಂಬರಾಯಿತು.

“ಪೆಟ್ಟಿಗೆಯೊಳಗೆ ಇರುವುದು?”

“ಕಸೂತಿಯ ವಿನ್ಯಾಸಗಳು. ಆರುನೂರ ಹನ್ನೆರಡು.”

“ಮಾಡಿದವರು?”

ಆ ಸಾಲಿಗೆ ಎಲ್ಲರೂ ಪೆಟ್ಟಿಗೆಯ ಮಾಲೀಕರ ಹೆಸರನ್ನೇ ಹೇಳುತ್ತಾರೆ. ಸಾಹೇಬರು ಅದಾಗಲೇ ನನ್ನ ಹೆಸರಿನ ಮೊದಲ ಅಕ್ಷರ ಬರೆಯತೊಡಗಿದ್ದರು. ನಾನು ಎದ್ದು ನಿಂತೆ. ಬೆಂಚುಗಳಲ್ಲಿ ಮೂವತ್ತು ಜನವಾದರೂ ಇದ್ದರು, ಟೌನ್ ಹಾಲಿನಲ್ಲಿ ಅಂದು ಚಪ್ಪಾಳೆ ತಟ್ಟಿದವರೂ ಅವರಲ್ಲಿದ್ದರು.

“ಬಣ್ಣ ನಂದು,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಗೆರಿ ಈಕಿಂದು, ಜೈತೂನಂದು. ಬಹುಮಾನ ಬಂದ ಗುಬ್ಬಿ ಸೀರಿ ಈಕಿ ಮಾಡಿದ್ದು. ನಾ ಮಾಡಿದ್ದಲ್ಲ. ಅವತ್ತ ಸ್ಟೇಜಿನ ಮ್ಯಾಲ ಹೇಳಬೇಕಾಗಿತ್ತು, ಹೇಳಲಿಲ್ಲ. ಎಲ್ಲಾರೂ ಕೇಳ್ರಿ, ಗುಬ್ಬಿ ಈಕಿಂದು.”

ಜೈತೂನ ನನ್ನ ಸೆರಗು ಹಿಡಿದು ಜಗ್ಗಿದಳು. “ಸಾಕು, ಕೂಡು. ಹಿಂದ ಪಾಳಿ ಐತಿ,” ಎಂದಳು ಮೆಲ್ಲಗೆ. ಅವಳ ಕಿವಿಗಳು ಕೆಂಪಾಗಿದ್ದವು. ಸಾಹೇಬರು ಬರೆದ ಅಕ್ಷರವನ್ನು ಹೊಡೆದುಹಾಕಿ, ಹೊಸದಾಗಿ ಬರೆದು, ಬರೆದದ್ದನ್ನು ಓದಿ ಹೇಳಿದರು: “ಬಣ್ಣ, ಕಸ್ತೂರಿ. ಗೆರೆ, ಜೈತೂನ.” ಗುರುಬಸಪ್ಪ ಮಾಸ್ತರು ಚಹಾದ ಲೋಟ ಕೆಳಗಿಟ್ಟು, “ಸೀರಿ ಛಂದಿತ್ತವ್ವ,” ಎಂದರು ಜೈತೂನಳಿಗೆ.

ಹಳೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿ, ಒಳಗಿನದನ್ನೆಲ್ಲ ತುಂಬಿಕೊಳ್ಳುವ ಕಚೇರಿಯ ಡಿಸ್ಕಿಗೆ ಜೋಡಿಸಿದರು. ಅದು ಗುಂಯ್ ಎಂದು ಎದ್ದಿತು. ಮುಂಭಾಗದ ದೀಪ ಮಿಣುಕತೊಡಗಿತು; ಯಾರು ಬಂದಿದ್ದೀರಿ ಎಂದು ಕೇಳುವ ರೀತಿ ಅದು. ಜೈತೂನ ಸೆರಗಿಗೆ ಕೈ ಒರೆಸಿಕೊಂಡು ಬಲಗೈಯ ತೋರುಬೆರಳಿನಿಂದ ಒತ್ತಿದಳು. ದೀಪ ಮಿಣುಕುತ್ತಲೇ ಇತ್ತು. ಹೆಬ್ಬೆರಳು. ಮಿಣುಕುತ್ತಲೇ ಇತ್ತು. ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಎಡಗೈ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ: ಮೂರು ನಿಮಿಷ, ನಾಲ್ಕು ನಿಮಿಷ. ಹತ್ತು ಬೆರಳೂ ಮುಗಿದವು. ಆರನೆಯ ನಿಮಿಷಕ್ಕೆ ಪೆಟ್ಟಿಗೆ ಉಸಿರು ಬಿಟ್ಟು ಆರಿತು.

ಸಾಹೇಬರು ಪೆನ್ನು ಕೆಳಗಿಟ್ಟರು. “ಅಂದ್ರ ಇವರಲ್ಲ ಒತ್ತಿದ್ದು.”

“ಈಕಿನ ಸಾಹೇಬರ. ನಾನ ಬಾಗಲಾಗ ನಿಂತು ಕರದಿದ್ದೆ. ನಾ ಕಾಯಿ ಒಡದು ಒಳಗ ಬರೂದರಾಗ ಪರದಿ ಬೆಳಗಿತ್ತು, ಮಶೀನಿನ ಮುಂದ ಈಕಿ ಒಬ್ಬಾಕಿನ ಇದ್ಲು.”

ಜೈತೂನ ನೆಲ ನೋಡುತ್ತಿದ್ದಳು.

“ತಾಸು ಬಿಟ್ಟು ಇನ್ನೊಮ್ಮೆ ನೋಡೂಣು,” ಎಂದರು ಸಾಹೇಬರು. “ಪೆಟ್ಟಿಗಿ ತಣ್ಣಗ ಆಗಲಿ. ಊಟ ಮಾಡಿ ಬರ್ರಿ. ಅದೂ ಆಗಲಿಲ್ಲಂದ್ರ ಲೈಸೆನ್ಸ ಪೆಟ್ಟಿಗಿ ಜೋಡಿನ ಹೋಗತೈತಿ, ನಾ ಏನೂ ಮಾಡಾಕ ಬರಂಗಿಲ್ಲ.”

ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಕುಳಿತೆವು. ಜೈತೂನ ಡಬ್ಬಿ ಬಿಚ್ಚಿದಳು: ರೊಟ್ಟಿ, ಬದನೆಕಾಯಿ, ಮೊಸರು, ನನಗೆ ಸೇರುತ್ತದೆಂದು ಶೇಂಗಾ ಹಿಂಡಿ. ನಾನು ಆರುನೂರ ಹನ್ನೆರಡನ್ನು ಮತ್ತೆ ಮೊದಲಿನಿಂದ ಬರೆಯಲು ಎಷ್ಟು ವರ್ಷ ಬೇಕೆಂದು ಎಣಿಸುತ್ತಿದ್ದೆ. ಅವಳೂ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದಳು.

“ಕಸ್ತೂರಕ್ಕ,” ಎಂದಳು. “ಬೈಯಬ್ಯಾಡ.”

“ಏನು?”

“ಅವತ್ತು ನಮ್ಮ ತಂಗಿ ಮದುವಿ ಇತ್ತು, ನೆನಪೈತಿ? ಮೆಹಂದಿ ಹಾಕ್ಕೊಂಡು ಕುಂತಿದ್ದೆ. ಅಂಗಡಿ ಮುಹೂರ್ತ ಮೀರತೈತಿ ಬಾ ಅಂತ ನೀ ಹೇಳಿ ಕಳಿಸಿದಿ. ಎರಡೂ ಕೈ ಹಸಿ ಹಸಿ, ಮೊಣಕೈತನಕ. ಹಂಗ ಓಡಿ ಬಂದೆ. ಪೆಟ್ಟಿಗಿ ಕೆಳಗ ನೆಲದ ಮ್ಯಾಲ ಇಟ್ಟಿದ್ರಿ. ಒತ್ತು ಒತ್ತು ಅಂತ ನೀ ಹೊರಗಿಂದ ಒದರಾಕತ್ತಿದ್ದಿ.” ಅವಳು ತುತ್ತನ್ನು ಡಬ್ಬಿಯಲ್ಲಿಟ್ಟಳು. “ಕಾಲಿಲೆ ಒತ್ತಿದೆ.”

ನನಗೆ ಮೊದಲು ಅರ್ಥವಾಗಲಿಲ್ಲ.

“ಹೆಬ್ಬೆರಳಿಲೆ. ಬಲಗಾಲಿಂದು. ನಿಮ್ಮವ್ವ ಅದಕ್ಕ ಕುಂಕುಮ ಹಚ್ಚಿ, ಹೂವು ಏರಿಸಿ, ಊದಿನಕಡ್ಡಿ ಹಚ್ಚಿಟ್ಟಿದ್ರು. ಅಂಥಾದ್ದಕ್ಕ ಕಾಲು ಹಚ್ಚಿದೆ ಅಂತ ಹೆಂಗ ಹೇಳ್ಲಿ? ಅದೂ ನಾನು. ಬೇಕಂತ ಮಾಡಿದ್ಲು ಅಂದ್ರ? ಹದಿನಾಲ್ಕು ವರ್ಷ ಹೊಟ್ಟ್ಯಾಗ ಇಟ್ಕೊಂಡೇನಿ. ಇವತ್ತ ಕೈಬೆರಳಿಗೆ ಒಪ್ಪತೈತೇನೋ ಅಂತ ಬಂದೆ.”

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಆ ದಿನದ ಅವಳು ಕಾಣಿಸಿದಳು: ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಮದುವೆ ಮನೆಯ ರೇಷ್ಮೆ ಸೀರೆಯಲ್ಲಿ, ಒಂದೇ ಕಾಲ ಮೇಲೆ ನಿಂತು, ಇನ್ನೊಂದು ಕಾಲನ್ನು ಮೆಲ್ಲನೆ ಮುಂದೆ ಚಾಚುತ್ತಿದ್ದ ಜೈತೂನ. ಹೊರಗೆ ತೆಂಗಿನಕಾಯಿ ಹಿಡಿದು ಕೂಗುತ್ತಿದ್ದ ನಾನು. ನಗು ಎಲ್ಲಿಂದ ಬಂತೋ ತಿಳಿಯಲಿಲ್ಲ. ಮೊಸರಿನ ಬಟ್ಟಲು ಕೈಯಿಂದ ಜಾರಿತು. ಅವಳು ಗಾಬರಿಯಾಗಿ ನನ್ನನ್ನು ನೋಡಿದಳು, ನಾನು ಮಾತಾಡಲು ಹೋಗಿ ಮತ್ತೆ ನಕ್ಕೆ, ಕೊನೆಗೆ ಅವಳಿಗೂ ಹತ್ತಿಕೊಂಡಿತು. ಕಚೇರಿಯ ಕಿಟಕಿಯಿಂದ ಜನ ಇಣುಕಿ ನೋಡುವಷ್ಟು ನಕ್ಕೆವು. ಆಮೇಲೆ ಡಬ್ಬಿಯ ನಾಲ್ಕೂ ಅಂತಸ್ತು ಖಾಲಿ ಮಾಡಿದೆವು.

ಸಾಹೇಬರಿಗೆ ಹೇಳಿದವಳು ನಾನು. ಅವರು ನಗಲಿಲ್ಲ. ಕಪಾಟಿನಿಂದ ದಪ್ಪ ನಿಯಮಗಳ ಪುಸ್ತಕ ತೆಗೆದು, ಕನ್ನಡಕ ಏರಿಸಿಕೊಂಡು, ಪುಟ ಹುಡುಕಿ ಗಟ್ಟಿಯಾಗಿ ಓದಿದರು: “ಮೊದಲು ಒತ್ತಿದ ವ್ಯಕ್ತಿಯು, ಮೊದಲು ಒತ್ತಿದ ಬೆರಳಿನಿಂದಲೇ ಒತ್ತತಕ್ಕದ್ದು.” ಅದೇ ಸಾಲನ್ನು ಎರಡನೆಯ ಸಲ ಮನಸ್ಸಿನಲ್ಲೇ ಓದಿಕೊಂಡರು. ಇಡೀ ಕೋಣೆ ಕಾಯುತ್ತಿತ್ತು.

“ಬೆರಳು ಅಂತ ಬರದೈತಿ,” ಎಂದರು ಕೊನೆಗೆ. “ಕೈ ಅಂತ ಎಲ್ಲೂ ಬರದಿಲ್ಲ. ಕಾಲಿಂದೂ ಬೆರಳ. ಪೆಟ್ಟಿಗಿ ಕೆಳಗ ಇಡ್ರಿ.”

ಮೂರು ಜನ ಓಡಿಬಂದು ಪೆಟ್ಟಿಗೆಯನ್ನು ನೆಲಕ್ಕಿಳಿಸಿದರು. ಜೈತೂನ ಚಪ್ಪಲಿ ಬಿಟ್ಟಳು. ಆಮೇಲೆ ಹಾಗೇ ನಿಂತಳು. ಇಷ್ಟು ಜನರ ಮುಂದೆ ಕಾಲು ಮುಂದೆ ಮಾಡಲು ಅವಳಿಗೆ ಆಗಲಿಲ್ಲ. ನಾನು ನೀರಿನ ಬಾಟಲಿ ತೆಗೆದುಕೊಂಡು ಬಗ್ಗಿ ಅವಳ ಪಾದದ ಮೇಲೆ ನೀರು ಹಾಕಿದೆ, ನನ್ನ ಸೆರಗಿನಿಂದ ಒರೆಸಿದೆ. “ಒತ್ತು,” ಎಂದೆ. “ಈ ಸಲ ಒದರಂಗಿಲ್ಲ.”

ಪೆಟ್ಟಿಗೆ ಎದ್ದಿತು. ದೀಪ ಮಿಣುಕಿತು. ಅವಳು ನನ್ನ ಹೆಗಲು ಹಿಡಿದುಕೊಂಡು ಬಲಗಾಲನ್ನು ಚಾಚಿ ಹೆಬ್ಬೆರಳಿನಿಂದ ಒತ್ತಿದಳು.

ದೀಪ ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಿತು. ಒಳಗಿನಿಂದ ಸಣ್ಣಗೆ ಗಿರಗಿರ ಸದ್ದು ಬಂತು, ಗಂಟುಮೂಟೆ ಕಟ್ಟುವವರ ಗಡಿಬಿಡಿಯಂತೆ. ಪರದೆಯ ಮೇಲೆ ಅಂಕಿಗಳು ಓಡಿದವು: ನೂರು, ಇನ್ನೂರ ಎಪ್ಪತ್ತು, ಐನೂರು. ನಾನು ಗಡಿಯಾರ ನೋಡುವುದನ್ನು ಬಿಟ್ಟು ಜೈತೂನಳ ಕೈ ಹಿಡಿದುಕೊಂಡೆ. ಆರುನೂರ ಹನ್ನೆರಡು. ಹಳೆಯ ಪೆಟ್ಟಿಗೆ ತಾನಾಗಿಯೇ ಆರಿತು, ಈ ಸಲ ಸದ್ದು ಮಾಡದೆ. ಬೆಂಚುಗಳಿಂದ ಚಪ್ಪಾಳೆ ಬಂತು, ಯಾರೋ ನಮ್ಮ ಬಾಯಿಗೂ ಪೇಡೆ ಹಾಕಿದರು.

ಇನ್ನು ಹೊಸ ಪೆಟ್ಟಿಗೆಯನ್ನು ಎಬ್ಬಿಸಬೇಕಿತ್ತು. ಹೊರಗೆ ಕಾಯುತ್ತಿದ್ದ ಪ್ರಭಣ್ಣ ಅದನ್ನು ಹೊತ್ತು ತಂದು ಮೇಜಿನ ಮೇಲಿಟ್ಟು ಡಿಸ್ಕಿಗೆ ಜೋಡಿಸಿದ. “ಮೊದಲು ಒತ್ತುವವರು?” ಎಂದು ಸಾಹೇಬರು ಓದಿದರು.

“ಜೈತೂನ,” ಎಂದೆ ನಾನು. “ಕಸ್ತೂರಕ್ಕ,” ಎಂದಳು ಅವಳು, ಅದೇ ಹೊತ್ತಿಗೆ.

“ಒಂದ ಹೆಸರು ಹೇಳ್ರಿ. ಒಂದ ಸಾಲೈತಿ.”

“ಇಬ್ಬರೂ ಒತ್ತಿದ್ರ ನಡಿಯಂಗಿಲ್ಲೇನ್ರಿ?” ಎಂದು ಜೈತೂನ ಕೇಳಿದಳು.

ಸಾಹೇಬರು ಪುಸ್ತಕದ ಕಡೆ ಕೈ ಚಾಚಿದರು. ಅರ್ಧಕ್ಕೆ ಕೈ ನಿಂತಿತು. ಪಾಳಿಯನ್ನು ನೋಡಿದರು, ನಮ್ಮನ್ನು ನೋಡಿದರು. “ಮುಂದ ಬದಲಿ ಮಾಡೂವಾಗ ಇಬ್ಬರೂ ಕೂಡಿ ಬರಬೇಕಾಗತೈತಿ. ಒಬ್ಬರು ಬಂದ್ರ ಆಗಂಗಿಲ್ಲ. ನಡುವ ಮಾತು ಬಿಟ್ರೂ ಆಗಂಗಿಲ್ಲ.”

“ಬಿಡಂಗಿಲ್ಲ,” ಎಂದಳು ಜೈತೂನ.

ಅವರು ಒಂದೇ ಸಾಲಿನಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಎರಡೂ ಹೆಸರನ್ನು ಕೂರಿಸಿದರು. “ಯಾವ ಬೆರಳು ಅಂತ ಈಗ ಬರೀತೀನಿ. ಮುಂದ ಬಂದು ನನ್ನ ಜೀವ ತಿನ್ನಬ್ಯಾಡ್ರಿ.” ಬಲಗೈಯ ತೋರುಬೆರಳು, ಇಬ್ಬರದೂ ಎಂದು ಬರೆಸಿದೆವು. ಬಟನು ಸಣ್ಣದಿತ್ತು. ಅವಳ ಬೆರಳು ಕೆಳಗೆ, ನನ್ನದು ಮೇಲೆ. ಎಣಿಸದೆ ಒತ್ತಿದೆವು, ಒಟ್ಟಿಗೇ ಆಯಿತು.

ಈಗ ಜೈತೂನ ಸೋಮವಾರ ಮತ್ತು ಗುರುವಾರ ಮೊದಲ ಬಸ್ಸಿಗೆ ಬರುತ್ತಾಳೆ. ಉಳಿದ ದಿನ ಅವಳಿಗೆ ಕೌದಿಯ ಕೆಲಸವಿದೆ, ಅದನ್ನು ಮಶೀನಿಗೆ ಕೊಡು ಎಂದರೆ ಕೇಳುವುದಿಲ್ಲ. ಅಂಗಡಿಗೆ ಎರಡನೆಯ ಕುರ್ಚಿ ಬಂದಿದೆ. ಮೊನ್ನೆ ನಾವಿಬ್ಬರೂ ಸೇರಿ ಮಾಡಿದ ಮೊದಲ ಹೊಸ ಸೀರೆ ಮುಗಿಯಿತು, ಬಟಾಣಿ ಬಳ್ಳಿಯ ಅಂಚು. ಸೆರಗಿನ ಹಿಂದೆ ಅಂಟಿಸುವ ಲೇಬಲ್ಲಿನ ಮೇಲೆ ಎರಡೂ ಹೆಸರು ಹೊಲಿಯಬೇಕೆಂದು ನಾನು ಹಟ ಹಿಡಿದೆ. ಅವಳು ಒಪ್ಪಿದಳು. ಯಾರ ಹೆಸರು ಮೊದಲು ಎನ್ನುವುದಕ್ಕೆ ಮಾತ್ರ ಒಂದು ವಾರ ಜಗಳ ನಡೆಯಿತು. ಅವಳದು ಮೊದಲಿರಲಿ ಎಂದು ನಾನು, ಅಂಗಡಿ ನಿನ್ನದು, ನಿನ್ನದೇ ಮೊದಲಿರಲಿ ಎಂದು ಅವಳು. ಇಬ್ಬರೂ ಸೋಲಲಿಲ್ಲ.

ಗುರುವಾರ ಅವಳು ಬಂದವಳೇ ಚಹಾ ಕೂಡ ಕುಡಿಯದೆ ಕಂಪ್ಯೂಟರಿನ ಮುಂದೆ ಕುಳಿತು ಲೇಬಲ್ಲು ಬರೆದಳು. ಎಡಗಡೆಗೆ ಕನ್ನಡದಲ್ಲಿ ನನ್ನ ಹೆಸರು, ಬಲಗಡೆಗೆ ಉರ್ದುವಿನಲ್ಲಿ ಅವಳದು. “ನೀ ಎಡಗಡಿಯಿಂದ ಓದ್ತಿ,” ಎಂದಳು. “ನಾ ಬಲಗಡಿಯಿಂದ ಓದ್ತೀನಿ. ನಿನ್ನ ಕಡಿಯಿಂದ ನೀ ಮೊದಲು, ನನ್ನ ಕಡಿಯಿಂದ ನಾ ಮೊದಲು.” ಆಮೇಲೆ ಹೊಲಿಗೆಯ ಮಶೀನಿಗೆ ಹಸಿರು ದಾರ ಹಾಕಲು ನನಗೆ ಹೇಳಿ, ತಾನು ಚಹಾಕ್ಕೆ ನೀರಿಡಲು ಎದ್ದಳು.